ಎಸ್ಸಿಟಾಲೊಪ್ರಾಮ್ ಬಿಡಲು ನಾನು ನೋಡಿದ ಮೂರು ದಾರಿ: ದಿನ ಬಿಟ್ಟು ದಿನ, ಕತ್ತರಿಸಿ, ನೀರಲ್ಲಿ ಕದಡಿ

ಎಸ್ಸಿಟಾಲೊಪ್ರಾಮ್ ಅಂದರೆ ಖಿನ್ನತೆಗೆ ಕೊಡುವ ಮಾತ್ರೆ. ಮೊದಲೇ ಹೇಳಿಬಿಡುತ್ತೇನೆ. ಮೂರು ದಾರಿಯಲ್ಲೂ ನಡೆದು ನೋಡಿದ್ದೇನೆ. ನನ್ನನ್ನು ದಡ ಮುಟ್ಟಿಸಿದ್ದು ಮೂರನೆಯದು. ಅದಕ್ಕೆ ಬೇಕಾಗಿದ್ದು ಎರಡು ಸಿರಿಂಜ್, ಒಂದು ಚಿಕ್ಕ ಬಾಟಲಿ, ಒಂದಿಷ್ಟು ನೀರು, ಜೊತೆಗೆ ಹನ್ನೊಂದು ತಿಂಗಳ ತಾಳ್ಮೆ. ಮೊದಲ ಎರಡು ದಾರಿಯಲ್ಲಿ ಏಳು ತಿಂಗಳು ಹಾಳಾಯಿತು. ಆ ಏಳು ತಿಂಗಳು ಬೇರೆಯವರಿಗೆ ಉಳಿಯಲಿ ಅಂತ ಬರೆಯುತ್ತಿದ್ದೇನೆ.

ಮಾತ್ರೆಯ ಮೇಲೆ ನನಗೆ ಸಿಟ್ಟಿಲ್ಲ. ನಾಲ್ಕು ವರ್ಷ ದಿನಕ್ಕೆ 10 ಮಿಲಿಗ್ರಾಂ ತಗೊಂಡೆ. ಹಾಸಿಗೆ ಬಿಟ್ಟು ಏಳಲಾಗದ ಸ್ಥಿತಿಯಿಂದ ಎಬ್ಬಿಸಿ ಮತ್ತೆ ಕೆಲಸಕ್ಕೆ ಕಳಿಸಿದ್ದು ಅದೇ. ಎರಡು ವರ್ಷ ಚೆನ್ನಾಗಿದ್ದೆ. ಇನ್ನು ಬಿಡಬಹುದು ಅಂತ ಡಾಕ್ಟರೂ ಒಪ್ಪಿದರು. ಆದರೆ ಹೇಗೆ ಬಿಡಬೇಕು ಅನ್ನುವುದನ್ನು ಮಾತ್ರ ಯಾರೂ ಕೂತು ಬಿಡಿಸಿ ಹೇಳಲಿಲ್ಲ.

ದಾರಿ ಯಾವುದೇ ಇರಲಿ, ಮೊದಲು ನಿಮ್ಮ ಸ್ಟ್ರಿಪ್ಪಿನ ಹಿಂಭಾಗ ಓದಿ. ನನ್ನದರಲ್ಲಿ ಎಸ್ಸಿಟಾಲೊಪ್ರಾಮ್ ಒಂದೇ ಇರಲಿಲ್ಲ, ಆತಂಕ ಇಳಿಸುವ ಕ್ಲೋನಜೆಪಾಮ್ 0.5 ಮಿಲಿಗ್ರಾಂ ಕೂಡ ಸೇರಿತ್ತು. ನಮ್ಮಲ್ಲಿ ಈ ಜೋಡಿ ಮಾತ್ರೆಯನ್ನು ಬಹಳ ಜನ ತಗೋತಾರೆ. ಅದನ್ನು ಅರ್ಧ ಮಾಡಿದರೆ ಎರಡು ಔಷಧಿಯೂ ಒಟ್ಟಿಗೆ ಅರ್ಧ ಆಗುತ್ತೆ. ಕ್ಲೋನಜೆಪಾಮ್ ಬಿಡುವುದು ಬೇರೆಯದೇ ಕೆಲಸ. ದಿಢೀರ್ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು. ನನಗೆ ಮೊದಲು ಎರಡನ್ನೂ ಬೇರೆ ಬೇರೆ ಮಾತ್ರೆಯಾಗಿ ಬರೆಸಿಕೊಂಡು, ಕ್ಲೋನಜೆಪಾಮ್ ಅನ್ನು ನಿಧಾನವಾಗಿ ಮುಗಿಸಿ, ಆಮೇಲೆ ಇದಕ್ಕೆ ಕೈ ಹಾಕಬೇಕಾಯಿತು. ಮುಂದೆ ಹೇಳುವುದೆಲ್ಲ ಬರೀ ಎಸ್ಸಿಟಾಲೊಪ್ರಾಮ್ ಬಗ್ಗೆ.

ಮೊದಲ ದಾರಿ ದಿನ ಬಿಟ್ಟು ದಿನ. ಇವತ್ತು ಒಂದು, ನಾಳೆ ಇಲ್ಲ, ಒಂದು ತಿಂಗಳಾದ ಮೇಲೆ ಪೂರ್ತಿ ನಿಲ್ಲಿಸು. ಕೇಳಲು ಸುಲಭ. ಈ ಔಷಧಿ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 30 ಗಂಟೆ ಬೇಕು. ಅಂದರೆ ಮಾತ್ರೆ ಇಲ್ಲದ ದಿನದ ಕೊನೆಗೆ ಮಟ್ಟ ಅರ್ಧಕ್ಕಿಂತ ಕೆಳಗೆ ಬಿದ್ದಿರುತ್ತೆ, ಮರುದಿನ ಮತ್ತೆ ಮೇಲಕ್ಕೆ ಹಾರುತ್ತೆ. ಮೆಟ್ಟಿಲು ಇಳಿದ ಹಾಗಲ್ಲ ಇದು, ದಿನವೂ ಉಯ್ಯಾಲೆ. ಬಿಟ್ಟ ದಿನ ಸಿಡುಕು, ಬೆವರು, ಹೊಟ್ಟೆ ತೊಳೆಸುವುದು. ತಗೊಂಡ ದಿನ ಪರವಾಗಿಲ್ಲ. ಎರಡನೇ ವಾರದಿಂದ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗಲು ಶುರುವಾಯಿತು.

ಅದನ್ನು ಅನುಭವಿಸದವರಿಗೆ ವಿವರಿಸುವುದು ಕಷ್ಟ. ನಾನು ಶಿವಮೊಗ್ಗದಲ್ಲಿ ಅಡಿಕೆ ಮಂಡಿಯೊಂದರ ಲೆಕ್ಕ ಬರೆಯುತ್ತೇನೆ. ಪುಸ್ತಕದಿಂದ ಕಂಪ್ಯೂಟರ್ ಕಡೆಗೆ ಕಣ್ಣು ಹೊರಳಿಸಿದ ಕೂಡಲೇ ತಲೆಯ ಒಳಗೆ 'ಜುಂಯ್' ಅಂತ ಏನೋ ಹಾದು ಹೋಗುತ್ತಿತ್ತು. ನೋವಿಲ್ಲ. ಆದರೆ ಒಂದು ಕ್ಷಣ ಲೋಕವೇ ಜಾರಿದ ಹಾಗೆ. ಸ್ಕೂಟರ್ ಓಡಿಸುವಾಗ ಕನ್ನಡಿ ನೋಡಿ ತಲೆ ತಿರುಗಿಸಿದಾಗ ಹಾಗಾದದ್ದೇ ತಡ, ಗಾಡಿ ಪಕ್ಕಕ್ಕೆ ಹಾಕಿ ತುಂಬ ಹೊತ್ತು ಕೂತಿದ್ದೆ. ಮರುದಿನದಿಂದ ದಿನವೂ 10 ಮಿಲಿಗ್ರಾಂಗೆ ವಾಪಸ್. ಎರಡು ಮೂರು ದಿನದಲ್ಲಿ ಎಲ್ಲ ನಿಂತಿತು.

ಈ ದಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ.

ಎರಡನೆಯದು ಕತ್ತರಿಸುವುದು. ಇದಕ್ಕೆ ನ್ಯಾಯವಾಗಿ ಮಾತಾಡಬೇಕು, ಅರ್ಧ ದಾರಿ ಚೆನ್ನಾಗಿಯೇ ನಡೆಸಿತು. 10ರಿಂದ 5ಕ್ಕೆ ಇಳಿಯಲು ಕತ್ತರಿಸಬೇಕಾಗಿಯೇ ಇಲ್ಲ, 5ರ ಮಾತ್ರೆ ಅಂಗಡಿಯಲ್ಲಿ ಸಿಗುತ್ತೆ. ಆರು ವಾರ ಅದರಲ್ಲಿದ್ದೆ, ಒಂದೆರಡು ದಿನ ವಿಚಿತ್ರ ಕನಸು ಬಿಟ್ಟರೆ ಏನೂ ಆಗಲಿಲ್ಲ. 5ರ ಅರ್ಧ, ಅಂದರೆ 2.5, ಅದೂ ಸಾಗಿತು.

ತೊಂದರೆ ಶುರುವಾದದ್ದು ಕಾಲು ಭಾಗದಲ್ಲಿ. ಮೊದಲು ಅಮ್ಮನ ಅಡಕತ್ತರಿ ತಗೊಂಡೆ. ಗೋಟಡಿಕೆ ಕತ್ತರಿಸುವ ಸಾಮಾನು, ಮಾತ್ರೆಗೆ ಇಟ್ಟರೆ ಒಂದು ಚೂರು ಕೈಯಲ್ಲಿ, ಒಂದು ಚೂರು ಮಂಚದ ಕೆಳಗೆ. ಆಮೇಲೆ ಔಷಧಿ ಅಂಗಡಿಯಿಂದ ಪ್ಲಾಸ್ಟಿಕ್ ಕಟರ್ ತಂದೆ, 120 ರೂಪಾಯಿ. ಅರ್ಧ ಮಾಡಲು ಅದು ಒಳ್ಳೆಯದು. ಅರ್ಧವನ್ನು ಮತ್ತೆ ಅರ್ಧ ಮಾಡಲು ಹೋದರೆ ಮೂಲೆ ಮುರಿಯುತ್ತೆ, ಮೇಲಿನ ಸಿಪ್ಪೆ ಬಿಡುತ್ತೆ, ಬ್ಲೇಡಿನ ಸುತ್ತ ಬಿಳಿ ಪುಡಿ ಉಳಿಯುತ್ತೆ. ಆ ಪುಡಿಯೂ ಔಷಧಿಯೇ ಅಲ್ವಾ?

ನಾಲ್ಕು ತುಂಡುಗಳನ್ನು ಡಬ್ಬಿಯಲ್ಲಿಟ್ಟು ದಿನಕ್ಕೊಂದು ತಗೋತಿದ್ದೆ. ಒಂದು ದಿನ ಹಗುರ, ಒಂದು ದಿನ ಭಾರ. ಮನಸ್ಸಿನ ಮಾತಲ್ಲ, ಮೈಯ ಮಾತು. ಸುಮ್ನೆ ನನ್ನ ಭ್ರಮೆ ಇರಬಹುದು ಅಂತ ಬಿಟ್ಟಿದ್ದೆ. ಕೊನೆಗೆ ಪರಿಚಯದ ಅಕ್ಕಸಾಲಿಗರ ಅಂಗಡಿಯಲ್ಲಿ, ಮಿಲಿಗ್ರಾಂ ತೋರಿಸುವ ತಕ್ಕಡಿಯ ಮೇಲೆ ಇಟ್ಟು ನೋಡಿದೆ. ಇಡೀ ಮಾತ್ರೆ ತೂಗಿದ್ದು 100 ಮಿಲಿಗ್ರಾಂ, ಅದರಲ್ಲಿ ಔಷಧಿ 5 ಮಾತ್ರ, ಉಳಿದದ್ದು ಮಾತ್ರೆಗೆ ಆಕಾರ ಕೊಡುವ ಪುಡಿ. ನಾಲ್ಕು ಕಾಲುಗಳು 31, 27, 24, 15. ಉಳಿದ 3 ಬ್ಲೇಡಿನ ಪಾಲು. ಒಂದೇ ಮಾತ್ರೆಯ ದೊಡ್ಡ ಕಾಲು ಚಿಕ್ಕ ಕಾಲಿನ ಎರಡರಷ್ಟು! ನಾನು 1.25 ತಗೋತಿದ್ದೇನೆ ಅಂದುಕೊಂಡಿದ್ದೆ. ನಿಜವಾಗಿ ಒಂದು ದಿನ ಒಂದೂವರೆ, ಒಂದು ದಿನ ಮುಕ್ಕಾಲು ತಗೋತಿದ್ದೆ. ದಿನ ಬಿಟ್ಟು ದಿನದ ಉಯ್ಯಾಲೆಯೇ ಚಿಕ್ಕ ರೂಪದಲ್ಲಿ ಮತ್ತೆ ಬಂದಿತ್ತು.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಕಾಲು ಮಾತ್ರೆಯಿಂದ ಸೊನ್ನೆಗೆ ಹೋದಾಗ. ಇಷ್ಟು ಚಿಕ್ಕ ಚೂರು, ಇನ್ನೇನು ಇದೆ ಇದರಲ್ಲಿ ಅಂತ ನಿಲ್ಲಿಸಿದೆ. ಮೂರನೇ ದಿನ ಕರೆಂಟ್ ವಾಪಸ್. ಐದನೇ ದಿನ ಅಡುಗೆ ಮನೆಯಲ್ಲಿ ಕಾರಣವೇ ಇಲ್ಲದೆ ಅಳು. ಹತ್ತನೇ ದಿನ ರಾತ್ರಿಯಿಡೀ ನಿದ್ದೆ ಇಲ್ಲ. ಮನೆಯವರೆಲ್ಲ ಹೇಳಿದ್ದು ಒಂದೇ ಮಾತು, ಕಾಯಿಲೆ ಮತ್ತೆ ಬಂತು, ಇನ್ನು ಜೀವನಪೂರ್ತಿ ಮಾತ್ರೆ ತಗೋ. ನಾನೂ ನಂಬಿದ್ದೆ.

ಬೇರೆ ಡಾಕ್ಟರ ಹತ್ತಿರ ಹೋದೆ. ಅವರು ಎರಡು ಪ್ರಶ್ನೆ ಕೇಳಿದರು. ಮೊದಲು ಖಿನ್ನತೆ ಬಂದಾಗ ತಲೆಯಲ್ಲಿ ಕರೆಂಟ್ ಹೊಡೆಯುತ್ತಿತ್ತಾ? ಇಲ್ಲ. ಮಾತ್ರೆ ನಿಲ್ಲಿಸಿ ಎಷ್ಟು ದಿನಕ್ಕೆ ಶುರುವಾಯಿತು? ಮೂರು. ಖಿನ್ನತೆ ಮರಳುವುದಾದರೆ ಸಾಮಾನ್ಯವಾಗಿ ವಾರಗಳು, ತಿಂಗಳುಗಳು ಹಿಡಿಯುತ್ತೆ, ಮೆಲ್ಲಗೆ ಕವಿಯುತ್ತೆ. ಮಾತ್ರೆ ಬಿಟ್ಟದ್ದರಿಂದ ಆಗುವ ತೊಂದರೆ ದಿನಗಳಲ್ಲಿ ಬರುತ್ತೆ, ತಲೆಸುತ್ತು, ಕರೆಂಟ್, ಹೊಟ್ಟೆ ತೊಳೆಸುವಂಥ ಮೈಯ ಲಕ್ಷಣಗಳನ್ನು ಜೊತೆಗೆ ತರುತ್ತೆ, ಮಾತ್ರೆ ಮತ್ತೆ ಶುರು ಮಾಡಿದರೆ ಬೇಗ ಇಳಿಯುತ್ತೆ. ಮತ್ತೆ 2.5ಕ್ಕೆ ಹೋದೆ, ಎರಡೇ ದಿನಕ್ಕೆ ತಲೆ ನೆಟ್ಟಗಾಯಿತು.

ಕೊನೆಯ ಚೂರು ಯಾಕೆ ಅಷ್ಟು ಭಾರ ಅನ್ನುವುದು ಅವರು ಹೇಳಿದ ಮೇಲೆ ಹೊಳೆಯಿತು. ಉಪ್ಪೇ ಇಲ್ಲದ ಸಾರಿಗೆ ಮೊದಲ ಚಿಟಿಕೆ ಹಾಕಿ ನೋಡಿ, ಸಾರೇ ಬೇರೆ ಆಗಿಬಿಡುತ್ತೆ. ಚೆನ್ನಾಗಿ ಉಪ್ಪಿರುವ ಸಾರಿಗೆ ಇನ್ನೊಂದು ಚಿಟಿಕೆ ಬಿದ್ದರೆ ಗೊತ್ತೇ ಆಗುವುದಿಲ್ಲ. ಮಿದುಳಿನಲ್ಲಿ ಈ ಔಷಧಿ ಕೂರುವ ಜಾಗಗಳೂ ಹಾಗೆಯೇ. ಸಿಟಾಲೊಪ್ರಾಮ್ ಅಂತ ಇದರ ಅಣ್ಣ ಒಂದಿದೆ, ಅದರ 20 ನನ್ನ 10ಕ್ಕೆ ಹೆಚ್ಚುಕಡಿಮೆ ಸಮ. ಅದರ ಸ್ಕ್ಯಾನ್ ಲೆಕ್ಕದ ಪ್ರಕಾರ 20 ಮಿಲಿಗ್ರಾಂ ನೂರಕ್ಕೆ ಸುಮಾರು 80 ಭಾಗ ಜಾಗ ಹಿಡಿಯುತ್ತೆ. 60 ಮಿಲಿಗ್ರಾಂ ತಗೊಂಡರೂ 88ರ ಹತ್ತಿರ ಅಷ್ಟೆ. ಆದರೆ ಐದೂವರೆಗೆ ಇಳಿಸಿದರೂ ಇನ್ನೂ 60 ಭಾಗ ಉಳಿದಿರುತ್ತೆ, ಎರಡೂಕಾಲರಲ್ಲಿ 40. ಅಂದರೆ ಅದರ ಎರಡೂವರೆಗೆ ಸಮವಾದ ನನ್ನ ಕಾಲು ಚೂರು ಹತ್ತಿರ ಹತ್ತಿರ 40 ಭಾಗ ಹಿಡಿದುಕೊಂಡಿತ್ತು. ಅದನ್ನು ಒಂದೇ ರಾತ್ರಿಯಲ್ಲಿ ಕಿತ್ತೆ. 10ರಿಂದ 5ಕ್ಕೆ ಬಂದಾಗ ಹೋದದ್ದು ಹತ್ತು ಭಾಗದ ಆಸುಪಾಸು ಮಾತ್ರ. 2019ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಸಂಶೋಧಕರಾದ ಮಾರ್ಕ್ ಹೊರೊವಿಟ್ಜ್ ಮತ್ತು ಡೇವಿಡ್ ಟೇಲರ್ ಇದನ್ನೇ ಬರೆದರು: ಕೆಳಗೆ ಬಂದ ಹಾಗೆಲ್ಲ ಹೆಜ್ಜೆ ಚಿಕ್ಕದಾಗುತ್ತ ಹೋಗಬೇಕು. ಹೊರೊವಿಟ್ಜ್ ತಾವೇ ಈ ಜಾತಿಯ ಮಾತ್ರೆ ಬಿಡಲು ಕಷ್ಟಪಟ್ಟ ಡಾಕ್ಟರು.

ಹೀಗೆ ಮೂರನೆಯ ದಾರಿಗೆ ಬಂದೆ. 5 ಮಿಲಿಗ್ರಾಂ ಮಾತ್ರೆಯನ್ನು ಪುಡಿ ಮಾಡಿ 10 ಮಿಲಿಲೀಟರ್ ನೀರಿಗೆ ಹಾಕುವುದು. ಆಗ ಒಂದು ಮಿಲಿಲೀಟರಿಗೆ ಅರ್ಧ ಮಿಲಿಗ್ರಾಂ ಔಷಧಿ. ಪುಡಿ ಪೂರ್ತಿ ಕರಗುವುದಿಲ್ಲ, ತಳಕ್ಕೆ ಕೂರುತ್ತೆ. ಅದಕ್ಕೇ ಚೆನ್ನಾಗಿ ಕುಲುಕಿ, ಕುಲುಕಿದ ಕೂಡಲೇ ಸೂಜಿ ಇಲ್ಲದ ಸಿರಿಂಜಿನಲ್ಲಿ ಎಳೆದು ಕುಡಿಯಬೇಕು. ಉಳಿದದ್ದನ್ನು ನಾಳೆಗೆ ಇಡುವ ಹಾಗಿಲ್ಲ, ದಿನವೂ ಹೊಸದು. ರುಚಿ ಕಹಿ.

ಡಾಕ್ಟರು ಬರೆದುಕೊಟ್ಟ ಹೆಜ್ಜೆಗಳು ಹೀಗಿದ್ದವು: 2.5, 2, 1.6, 1.3, 1, 0.8, 0.6, 0.4, 0.3, 0.2, 0.1, ಆಮೇಲೆ ಸೊನ್ನೆ. ಒಂದೊಂದರಲ್ಲಿ ಸುಮಾರು ನಾಲ್ಕು ವಾರ. 0.4ರಲ್ಲಿ ಮಾತ್ರ ಸಿಡುಕು ಜಾಸ್ತಿಯಾಗಿ ಎರಡು ವಾರ ಹೆಚ್ಚು ನಿಂತೆ. ಕೊನೆಕೊನೆಗೆ 0.2 ಮಿಲಿಲೀಟರ್ ಎಳೆಯಲು ಒಂದು ಮಿಲಿಲೀಟರಿನ ಚಿಕ್ಕ ಸಿರಿಂಜ್ ಬೇಕಾಯಿತು. ಕರೆಂಟ್ ಒಂದು ಸಲವೂ ಹೊಡೆಯಲಿಲ್ಲ ಅನ್ನಲಾರೆ, ಹೊಸ ಹೆಜ್ಜೆಯ ಮೊದಲ ವಾರ ಒಂದೆರಡು ಸಲ ಬರುತ್ತಿತ್ತು, ತಾನೇ ಹೋಗುತ್ತಿತ್ತು. ಸ್ಕೂಟರ್ ನಿಲ್ಲಿಸಬೇಕಾಗಿ ಬರಲಿಲ್ಲ. ನನಗೆ ಅಷ್ಟು ಸಾಕು.

ಖರ್ಚಿನಲ್ಲಿ ಕತ್ತರಿಸುವುದೇ ಅಗ್ಗ. ನಾನು ಕೊಂಡ 5ರ ಸ್ಟ್ರಿಪ್ 50 ರೂಪಾಯಿ ಆಸುಪಾಸು. ಕಾಲು ಕಾಲು ಮಾಡಿದರೆ ತಿಂಗಳಿಗೆ 40 ರೂಪಾಯಿಯೂ ಆಗುವುದಿಲ್ಲ. ನೀರಿನ ದಾರಿಯಲ್ಲಿ 0.1 ತಗೊಂಡರೂ ದಿನಕ್ಕೊಂದು ಪೂರ್ತಿ ಮಾತ್ರೆ ಹೋಗುತ್ತೆ, ತಿಂಗಳಿಗೆ 150. ಸಿರಿಂಜ್ ಹತ್ತು ರೂಪಾಯಿ. ತಿಂಗಳಿಗೆ ನೂರು ರೂಪಾಯಿ ಜಾಸ್ತಿ ಕೊಟ್ಟು ನೆಮ್ಮದಿಯಾಗಿ ನಿದ್ದೆ ಮಾಡಿದೆ, ನನಗೆ ದುಬಾರಿ ಅನ್ನಿಸಲಿಲ್ಲ.

ಪ್ರಯಾಣದಲ್ಲಿ ಮಾತ್ರೆಯೇ ಸುಲಭ. ಮದುವೆ ಮನೆಯಲ್ಲಿ ಸಿರಿಂಜ್ ತೆಗೆದರೆ ನೆಂಟರ ಪ್ರಶ್ನೆ ತಪ್ಪಿದ್ದಲ್ಲ.

ಮೈಯಲ್ಲಿ ಬಹಳ ದಿನ ನಿಲ್ಲುವ ಇನ್ನೊಂದು ಖಿನ್ನತೆ ಮಾತ್ರೆ ಫ್ಲುಯೊಕ್ಸೆಟಿನ್‌ಗೆ ಬದಲಿಸಿ ಅದರಿಂದ ಇಳಿಯುವ ದಾರಿಯೂ ಇದೆ. ಡಾಕ್ಟರು ಅದನ್ನೂ ಹೇಳಿದ್ದರು, ನಾನು ಮಾಡಿಲ್ಲ.

ನನ್ನ ಅಭ್ಯಾಸಕ್ಕೆ ನೀರಿನ ದಾರಿ ಒಗ್ಗಿತು. ಬೆಳಿಗ್ಗೆ ಐದೂವರೆಗೆ ಏಳುತ್ತೇನೆ, ಕಾಫಿಗೆ ನೀರಿಡುವ ಹೊತ್ತಿಗೇ ಇದೂ ಆಗಿಬಿಡುತ್ತಿತ್ತು. ಅಳೆದು ಬರೆಯುವುದೇ ನನ್ನ ಕಸುಬು, ದಿನವೂ ಡೋಸ್, ನಿದ್ದೆ, ತಲೆಯ ಸ್ಥಿತಿ ಒಂದು ಸಾಲು ಬರೆದಿಟ್ಟೆ. ಆ ಸಮಯದಲ್ಲಿ ಮೂರು ಕಾಫಿಯನ್ನು ಒಂದಕ್ಕೆ ಇಳಿಸಿದ್ದೂ ಎದೆಬಡಿತಕ್ಕೆ ಸಹಾಯ ಮಾಡಿತು. ಬೆಳಿಗ್ಗೆ ಪುರಸೊತ್ತೇ ಇಲ್ಲದವರು 5ರವರೆಗೆ, ಬೇಕಾದರೆ 2.5ರವರೆಗೆ ಮಾತ್ರೆಯಲ್ಲೇ ಇಳಿದು, ಕೆಳಗಿನ ಭಾಗಕ್ಕೆ ಮಾತ್ರ ನೀರು ಹಿಡಿಯಬಹುದು. ನಾನು ಎರಡನೇ ಸಲ ಮಾಡುವುದಾದರೆ ಹಾಗೇ ಮಾಡುತ್ತೇನೆ.

ಇದೆಲ್ಲ ನನ್ನ ಮಾತ್ರೆಯ ಮಾತು. ವೆನ್ಲಾಫ್ಯಾಕ್ಸಿನ್ ಇಆರ್, ಪ್ಯಾರೊಕ್ಸೆಟಿನ್ ಸಿಆರ್ ಥರ ಔಷಧಿಯನ್ನು ಮೈಯೊಳಗೆ ನಿಧಾನವಾಗಿ ಬಿಡುವ ಮಾತ್ರೆಗಳನ್ನು ಪುಡಿ ಮಾಡಬಾರದು, ದಿನವಿಡೀ ಬಿಡಬೇಕಾದ ಔಷಧಿ ಒಟ್ಟಿಗೆ ಸುರಿದುಬಿಡುತ್ತೆ. ಎಲ್ಲರಿಗೂ ಹನ್ನೊಂದು ತಿಂಗಳು ಬೇಕಿಲ್ಲ, ಕೆಲವರು ಕೆಲವೇ ವಾರದಲ್ಲಿ ಏನೂ ಆಗದೆ ಬಿಡುತ್ತಾರೆ. ಕಾಯಿಲೆ ನಿಜವಾಗಿಯೂ ಮರಳುವುದೂ ಉಂಟು. 2021ರಲ್ಲಿ ಇಂಗ್ಲೆಂಡಿನ ಒಂದು ದೊಡ್ಡ ಅಧ್ಯಯನದಲ್ಲಿ ಮಾತ್ರೆ ಬಿಟ್ಟವರಲ್ಲಿ 56 ಶೇಕಡಾ, ಮುಂದುವರಿಸಿದವರಲ್ಲಿ 39 ಶೇಕಡಾ ಜನರಿಗೆ ಒಂದು ವರ್ಷದೊಳಗೆ ಖಿನ್ನತೆ ಮರಳಿತ್ತು. ಅದಕ್ಕೇ ಡಾಕ್ಟರ ಕಣ್ಣಳತೆಯಲ್ಲೇ ಇಳಿಯಿರಿ. ನಿಮ್ಮವರು ನಿಲ್ಲಿಸು ಅಂದರೂ ಒಂದೇ ದಿನ ನಿಲ್ಲಿಸಬೇಡಿ. ಸಾಯಬೇಕು ಅನ್ನುವ ಯೋಚನೆ ಬಂದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

ನಾನು 0.1 ನಿಲ್ಲಿಸಿ ಐದು ತಿಂಗಳಾಯಿತು. ನಿದ್ದೆ ಬರುತ್ತಿದೆ. ಅಳು ಬಂದರೆ ಕಾರಣ ಗೊತ್ತಿರುತ್ತೆ. ಮುಂದಿನ ತಿಂಗಳು ಡಾಕ್ಟರ ಹತ್ತಿರ ಹೋಗಬೇಕು, ಆ ನೋಟ್‌ಬುಕ್ ತಗೊಂಡು ಬನ್ನಿ ಅಂದಿದ್ದಾರೆ, ಇನ್ನೊಬ್ಬರಿಗೆ ತೋರಿಸಬೇಕಂತೆ.