ಘಟ್ಟದ ಮೇಲೂ ಕೆಳಗೂ ಶಾಖೆ ಇದ್ದವರಿಗೆ ಜಿಎಲ್‌ಪಿಐ: ಕಂಪ್ಯೂಟರ್ ಪಟ್ಟಿ ಎಲ್ಲಿ ತಪ್ಪುತ್ತದೆ, ಹೇಗೆ ಸರಿಯಾಗುತ್ತದೆ

ಕಾರವಾರದಲ್ಲಿ ಪ್ರಧಾನ ಕಚೇರಿ. ಕರಾವಳಿಗುಂಟ ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರ. ಉತ್ತರ ಕನ್ನಡದ ಪತ್ತಿನ ಸಂಘ, ಅಡಿಕೆ ವ್ಯವಹಾರದ ಸಂಸ್ಥೆ, ಶಿಕ್ಷಣ ಸಂಸ್ಥೆಗಳ ಕಂಪ್ಯೂಟರ್‌ಗಳು ಹಂಚಿಹೋಗಿರುವುದು ಹೆಚ್ಚುಕಡಿಮೆ ಹೀಗೇ. ಯಾವ ಶಾಖೆಯಲ್ಲಿ ಎಷ್ಟು ಯಂತ್ರಗಳಿವೆ, ಎಷ್ಟರಲ್ಲಿ ಇನ್ನೂ ವಿಂಡೋಸ್ 10 ಓಡುತ್ತಿದೆ (ಅದಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ), ಯಾವುದರ ಹಾರ್ಡ್ ಡಿಸ್ಕ್ ತುಂಬುತ್ತಾ ಬಂದಿದೆ ಎಂಬುದನ್ನು ಆಡಿಟ್ ಹೊತ್ತಿಗೆ ಊರೂರು ತಿರುಗಿ ಬರೆದುಕೊಳ್ಳುವ ಕಾಲ ಇದಲ್ಲ. ತಿರುಗಲು ದಾರಿಯೇ ಇರದ ದಿನಗಳೂ ಇಲ್ಲಿ ಬರುತ್ತವೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿತು. ಆಗಸ್ಟ್ 7ರ ನಡುರಾತ್ರಿ ಕಾರವಾರದ ಹಳೆಯ ಕಾಳಿ ಸೇತುವೆ ಬಿತ್ತು. ದೂರದಿಂದಲೇ ಯಂತ್ರಗಳ ಲೆಕ್ಕ ಇಡುವ ವ್ಯವಸ್ಥೆ ಈ ಜಿಲ್ಲೆಗೆ ಅಗತ್ಯ ಎನ್ನಲು ಬೇರೆ ಕಾರಣ ಬೇಕಿಲ್ಲ.

ಇಲ್ಲಿ ಪರಿಶೀಲಿಸುತ್ತಿರುವುದು ಸಂಸ್ಥೆಯ ಕಂಪ್ಯೂಟರ್‌ಗಳ ಪಟ್ಟಿ ಇಡುವ ಜಿಎಲ್‌ಪಿಐ ಎಂಬ ಮುಕ್ತ ತಂತ್ರಾಂಶದ 10ನೇ ಆವೃತ್ತಿ ಮತ್ತು ಅದರ ಜೊತೆಯ ಜಿಎಲ್‌ಪಿಐ ಏಜೆಂಟ್, ಅಂದರೆ ಪ್ರತಿ ಯಂತ್ರದಲ್ಲಿ ಕೂತು ಅದರ ವಿವರವನ್ನು ಸರ್ವರಿಗೆ ಕಳಿಸುವ ಪುಟ್ಟ ತಂತ್ರಾಂಶ. ಫ್ರಾನ್ಸಿನಲ್ಲಿ ಹುಟ್ಟಿದ ಜಿಎಲ್‌ಪಿಐಯಲ್ಲಿ ಇನ್ವೆಂಟರಿ (ಯಂತ್ರಗಳ ವಿವರ ಸಂಗ್ರಹ) ಮೊದಲು ಫ್ಯೂಷನ್‌ಇನ್ವೆಂಟರಿ ಎಂಬ ಪ್ಲಗಿನ್ (ಹೆಚ್ಚುವರಿ ಭಾಗ) ಮೂಲಕ ನಡೆಯುತ್ತಿತ್ತು. 2022ರಲ್ಲಿ ಬಂದ 10ನೇ ಆವೃತ್ತಿಯಿಂದ ಅದು ಒಳಗೇ ಸೇರಿಕೊಂಡಿದೆ. ಸರ್ವರಿಗೆ ಲಿನಕ್ಸ್, ಒಂದು ವೆಬ್ ಸರ್ವರ್ ತಂತ್ರಾಂಶ, ಪಿಎಚ್‌ಪಿ, ಮರಿಯಾಡಿಬಿ ಡೇಟಾಬೇಸ್ ಸಾಕು. ಲೈಸೆನ್ಸ್ ಶುಲ್ಕ ಇಲ್ಲ.

ತೀರ್ಪು ಮೊದಲೇ ಹೇಳುವುದಾದರೆ, ನಮ್ಮ ಜಿಲ್ಲೆಯಂಥ ಕಡೆ ಇದು ಸರಿಯಾದ ಆಯ್ಕೆ. ಕಾರಣ ಒಂದೇ: ಇಲ್ಲಿ ಮಾತು ಶುರುಮಾಡುವುದು ಶಾಖೆಯ ಯಂತ್ರ, ಪ್ರಧಾನ ಕಚೇರಿಯ ಸರ್ವರ್ ಅಲ್ಲ. ಏಜೆಂಟ್ ಇಲ್ಲದೆ ಸ್ಕ್ಯಾನ್ ಮಾಡುವ ಸಾಧನಗಳು ಸರ್ವರಿನಿಂದ ಹೊರಟು ಪ್ರತಿ ಯಂತ್ರದ ಬಾಗಿಲು ತಟ್ಟುತ್ತವೆ. ಆ ಹೊತ್ತಿಗೆ ಯಂತ್ರ ಆನ್ ಇರಬೇಕು, ವಿಪಿಎನ್ (ಕಚೇರಿಗಳ ನಡುವಿನ ಖಾಸಗಿ ಸಂಪರ್ಕ) ಎದ್ದಿರಬೇಕು, ಫೈರ್‌ವಾಲ್ ತೆರೆದಿರಬೇಕು, ಯಂತ್ರದ ಹೆಸರು ಸರಿಯಾದ ನೆಟ್‌ವರ್ಕ್ ವಿಳಾಸಕ್ಕೆ ಹೋಗಬೇಕು. ಮಳೆಗಾಲದಲ್ಲಿ ಈ ನಾಲ್ಕೂ ಒಟ್ಟಿಗೆ ಕೂಡಿಬರುವುದು ಅಪರೂಪ. ಜೊತೆಗೆ, ಶಾಖೆಗಳಲ್ಲಿ ಫೈಬರ್ ಸಂಪರ್ಕದ ರೂಟರನ್ನು ಡಬ್ಬಿಯಿಂದ ತೆಗೆದ ಹಾಗೇ ಜೋಡಿಸಿರುತ್ತಾರೆ. ಕುಮಟೆಯಲ್ಲೂ 192.168.1.10 ಎಂಬ ಐಪಿ ವಿಳಾಸ ಇರುತ್ತದೆ, ಹೊನ್ನಾವರದಲ್ಲೂ ಅದೇ ಇರುತ್ತದೆ. ಹೊರಗಿನಿಂದ ಹುಡುಕುವ ಸಾಧನಕ್ಕೆ ಇವೆರಡನ್ನು ಬೇರೆ ಮಾಡಲು ಬರುವುದಿಲ್ಲ. ಏಜೆಂಟ್‌ಗೆ ಈ ತೊಡಕಿಲ್ಲ. ಸಂಪರ್ಕ ಬಂದಾಗ ಸರ್ವರಿನ 443ನೇ ಪೋರ್ಟಿಗೆ (ಸುರಕ್ಷಿತ ವೆಬ್ ಸಂಪರ್ಕದ ದ್ವಾರ) ತನ್ನ ವರದಿ ಒಪ್ಪಿಸುತ್ತದೆ. ವರದಿಯೂ ಚಿಕ್ಕದು, ಮೊಬೈಲ್ ಡೇಟಾದಲ್ಲೂ ಭಾರವಾಗುವುದಿಲ್ಲ.

ಹಾಗೆಂದು ಹಾಕಿದ ಕೂಡಲೇ ಪಟ್ಟಿ ಸರಿ ಬರುತ್ತದೆ ಎಂದಲ್ಲ.

ಮೊದಲ ದಿನದ ದೂರು ಸಾಮಾನ್ಯವಾಗಿ "ಏಜೆಂಟ್ ಹಾಕಿದೆವು, ಯಂತ್ರ ಕಾಣುತ್ತಿಲ್ಲ". ನೋಡಬೇಕಾದ ಮೊದಲ ಜಾಗ ಸರ್ವರಿನಲ್ಲೇ ಇದೆ: ಅಡ್ಮಿನಿಸ್ಟ್ರೇಷನ್ ಮೆನುವಿನ ಇನ್ವೆಂಟರಿ ಪುಟದಲ್ಲಿ ಇನ್ವೆಂಟರಿಯನ್ನು ಚಾಲೂ ಮಾಡುವ ಚೌಕ. ಹೊಸದಾಗಿ ಸ್ಥಾಪಿಸಿದಾಗ ಇದಕ್ಕೆ ಗುರುತು ಇರುವುದಿಲ್ಲ. ಏಜೆಂಟ್‌ನ ಲಾಗ್‌ನಲ್ಲಿ (ನಡೆದದ್ದನ್ನು ಬರೆದಿಡುವ ಕಡತ) "ಇನ್ವೆಂಟರಿ ಈಸ್ ಡಿಸೇಬಲ್ಡ್" ಎಂದಿದ್ದರೆ ಇದೇ ಕಾರಣ, ಶಾಖೆಯ ಯಂತ್ರವನ್ನು ಮುಟ್ಟುವುದೇ ಬೇಡ. ಎರಡನೆಯದು ತಾಳ್ಮೆಗೆ ಸಂಬಂಧಿಸಿದ್ದು. ನೂರು ಯಂತ್ರಗಳು ಒಂದೇ ಕ್ಷಣಕ್ಕೆ ಸರ್ವರ್ ಮೇಲೆ ಬೀಳದಿರಲಿ ಎಂದು ಏಜೆಂಟ್ ಮೊದಲ ಸಲ 3600 ಸೆಕೆಂಡಿನ ಒಳಗೆ ಯಾವುದೋ ಒಂದು ಹೊತ್ತು ಕಾಯುತ್ತದೆ, ಆಮೇಲೆ ಸುಮಾರು 24 ತಾಸಿಗೊಮ್ಮೆ ವರದಿ ಮಾಡುತ್ತದೆ. ಕೂಡಲೇ ಬೇಕಾದರೆ ಸ್ಥಾಪಿಸುವಾಗಲೇ ರನ್‌ನೌ ಆಯ್ಕೆಗೆ 1 ಕೊಡಬೇಕು. ಇಲ್ಲವೇ ಆ ಯಂತ್ರದ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್‌ನ (ಅಂದರೆ ಅದೇ ಯಂತ್ರದ) 62354 ಪೋರ್ಟ್ ತೆರೆದು ಇನ್ವೆಂಟರಿ ಬಲವಂತ ಮಾಡುವ ಕೊಂಡಿ ಒತ್ತಬೇಕು. ಶಾಖೆಯ ಗುಮಾಸ್ತರಿಗೆ ಫೋನಿನಲ್ಲಿ ಹೇಳಿ ಮಾಡಿಸಬಹುದಾದಷ್ಟು ಸುಲಭ ಇದು. ಆ ಪುಟವೇ ತೆರೆಯದಿದ್ದರೆ ಏಜೆಂಟ್ ಸೇವೆ ನಿಂತಿದೆ ಎಂದು ಅರ್ಥ.

ಇದೇ 62354 ಒಂದು ತಪ್ಪು ತಿಳಿವಳಿಕೆಗೂ ಮೂಲ. ಜಿಎಲ್‌ಪಿಐ ಪರದೆಯಲ್ಲಿ ಕಂಪ್ಯೂಟರಿನ ಪುಟಕ್ಕೆ ಹೋಗಿ ಏಜೆಂಟ್‌ನ ಸ್ಥಿತಿ ಕೇಳಿದರೆ, ಸರ್ವರ್ ಆ ಪೋರ್ಟಿಗೆ ತಾನೇ ಕರೆ ಮಾಡುತ್ತದೆ. ಶಾಖೆ ರೂಟರಿನ ಹಿಂದಿದ್ದರೆ ಕರೆ ತಲುಪುವುದಿಲ್ಲ, ಪರದೆಯಲ್ಲಿ ಉತ್ತರವಿಲ್ಲ ಎಂದು ಬರುತ್ತದೆ. ಬಹಳ ಜನ ಇದನ್ನು ನೋಡಿ ಏಜೆಂಟನ್ನೇ ತೆಗೆದು ಮತ್ತೆ ಹಾಕುತ್ತಾರೆ. ಬೇಕಿಲ್ಲ. ಕೊನೆಯ ಸಂಪರ್ಕದ ದಿನಾಂಕ ನೋಡಿ. ಅದು ನಿನ್ನೆಯದೋ ಇಂದಿನದೋ ಆಗಿದ್ದರೆ ಎಲ್ಲವೂ ಸರಿಯಿದೆ.

ಕರೆಂಟಿನ ವಿಷಯಕ್ಕೆ ಬಂದರೆ, ಹಳೆಯ ಡೆಸ್ಕ್‌ಟಾಪ್‌ಗಳ ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿದ್ದರೆ ಕರೆಂಟು ಪೂರ್ತಿ ಹೋಗಿ ಬಂದ ಮೇಲೆ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಜಾರುತ್ತದೆ. ಆಗ ಸರ್ವರಿನ ಗುರುತನ್ನು ಖಾತ್ರಿಪಡಿಸುವ ಡಿಜಿಟಲ್ ಪ್ರಮಾಣಪತ್ರ "ಇನ್ನೂ ಜಾರಿಗೆ ಬಂದಿಲ್ಲ" ಎಂದು ಏಜೆಂಟ್‌ಗೆ ಕಾಣುತ್ತದೆ, ಲಾಗ್‌ನಲ್ಲಿ "ಸರ್ಟಿಫಿಕೇಟ್ ವೆರಿಫೈ ಫೇಲ್ಡ್" ಬೀಳುತ್ತದೆ. ಇದಕ್ಕೆ ಪ್ರಮಾಣಪತ್ರದ ತಪಾಸಣೆಯನ್ನೇ ಆಫ್ ಮಾಡುವ ಆಯ್ಕೆ ಏಜೆಂಟ್‌ನಲ್ಲಿದೆ. ದಯವಿಟ್ಟು ಅದನ್ನು ಬಳಸಬೇಡಿ. ಯಂತ್ರಗಳ ಪೂರ್ತಿ ವಿವರ ಯಾರ ಕೈಗೆ ಹೋಗುತ್ತಿದೆ ಎಂಬ ಖಾತ್ರಿಯೇ ಹೋಗುತ್ತದೆ. 3 ವೋಲ್ಟಿನ ಬ್ಯಾಟರಿ ಬದಲಿಸಿ ಸಮಯವನ್ನು ಎನ್‌ಟಿಪಿಗೆ (ನೆಟ್‌ವರ್ಕ್ ಮೂಲಕ ಗಡಿಯಾರ ಸರಿಮಾಡುವ ವ್ಯವಸ್ಥೆ) ಜೋಡಿಸಿದರೆ ತೊಂದರೆ ಬುಡದಿಂದ ಹೋಗುತ್ತದೆ. ಡೊಮೇನ್ (ಎಲ್ಲ ಯಂತ್ರಗಳ ಲಾಗಿನ್ ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆ) ಇದ್ದ ಕಚೇರಿಗಳಲ್ಲಿ ಇದೇ ಗಡಿಯಾರ 5 ನಿಮಿಷಕ್ಕಿಂತ ಹೆಚ್ಚು ತಪ್ಪಿದರೆ ಅದು ಬಳಸುವ ಕೆರ್ಬೆರೋಸ್ ಲಾಗಿನ್ನೂ ನಿಲ್ಲುತ್ತದೆ. ಹಾಗಾಗಿ ಒಂದೇ ಶಾಖೆಯಿಂದ ಎರಡು ಬಗೆಯ ದೂರು ಒಟ್ಟಿಗೆ ಬಂದರೆ ಮೊದಲು ಗಡಿಯಾರ ನೋಡುವುದು ಒಳ್ಳೆಯದು. ಎಲ್ಲರೂ ನಂಬುವ ಹೊರಗಿನ ಪ್ರಾಧಿಕಾರ ಕೊಟ್ಟ ಪ್ರಮಾಣಪತ್ರ ಇಲ್ಲದೆ ಸಂಸ್ಥೆಯೇ ಮಾಡಿಕೊಂಡ ಪ್ರಮಾಣಪತ್ರ ಬಳಸುತ್ತಿದ್ದರೆ ಅದರ ಮೂಲ ಕಡತವನ್ನು ಏಜೆಂಟ್ ಸಂರಚನೆಯಲ್ಲಿ ತೋರಿಸಲು ಪ್ರತ್ಯೇಕ ಆಯ್ಕೆ ಇದೆ.

ನಿಜವಾದ ತಲೆನೋವು ಎಂದರೆ ಎರಡು ಯಂತ್ರ ಒಂದಾಗುವುದು, ಒಂದು ಯಂತ್ರ ಎರಡಾಗುವುದು. ಪಟ್ಟಿಯ ಮೇಲಿನ ನಂಬಿಕೆ ಹೋಗುವುದು ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿ.

ಬಂದ ವರದಿ ಯಾವ ಹಳೆಯ ದಾಖಲೆಗೆ ಸೇರಿದ್ದು ಎಂದು ಜಿಎಲ್‌ಪಿಐ ನಿಯಮಗಳ ಸಾಲಿನಲ್ಲಿ ನೋಡುತ್ತದೆ. ಮೊದಲು ಸೀರಿಯಲ್ ನಂಬರ್ ಮತ್ತು ಯುಯುಐಡಿ (ಮದರ್‌ಬೋರ್ಡಿನಲ್ಲಿ ಬರೆದಿರುವ ಗುರುತು ಸಂಖ್ಯೆ) ಎರಡೂ ಕೂಡಿ, ಆಮೇಲೆ ಸೀರಿಯಲ್ ಒಂದೇ, ಆಮೇಲೆ ಯುಯುಐಡಿ, ಆಮೇಲೆ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತು), ಕೊನೆಗೆ ಹೆಸರು. ಕಂಪನಿಯಿಂದ ಬಂದ ಬ್ರಾಂಡೆಡ್ ಯಂತ್ರಗಳಲ್ಲಿ ಮೊದಲ ಮೆಟ್ಟಿಲಿನಲ್ಲೇ ಕೆಲಸ ಮುಗಿಯುತ್ತದೆ. ಆದರೆ ಶಾಖೆಗಳಲ್ಲಿರುವ ಅರ್ಧಕ್ಕರ್ಧ ಯಂತ್ರ ಪೇಟೆಯಲ್ಲಿ ಜೋಡಿಸಿಕೊಟ್ಟವು ಎಂದಿಟ್ಟುಕೊಳ್ಳಿ. ಅವುಗಳ ಬಯೋಸ್‌ನಲ್ಲಿ (ಮದರ್‌ಬೋರ್ಡಿನೊಳಗಿನ ಮೂಲ ತಂತ್ರಾಂಶ) ಸೀರಿಯಲ್ ಜಾಗದಲ್ಲಿ "ಟು ಬಿ ಫಿಲ್ಡ್ ಬೈ ಓಇಎಂ" ಅಥವಾ "ಡೀಫಾಲ್ಟ್ ಸ್ಟ್ರಿಂಗ್" ಎಂದಿರುತ್ತದೆ. ಯುಯುಐಡಿಯೂ ಕೆಲವು ಬೋರ್ಡ್‌ಗಳಲ್ಲಿ ಎಲ್ಲಕ್ಕೂ ಒಂದೇ: 03000200-0400-0500-0006-000700080009. ಈ ಸಂಖ್ಯೆ ಎರಡು ಯಂತ್ರದಲ್ಲಿ ಕಂಡರೆ ಅವು ಒಂದೇ ದಾಖಲೆಯಾಗಿ ಬೆಸೆದುಕೊಳ್ಳುತ್ತವೆ. ಇಂಥ ಹುಸಿ ಗುರುತುಗಳನ್ನು ಕಡೆಗಣಿಸಲು ಸೆಟಪ್ ಮೆನುವಿನ ಡ್ರಾಪ್‌ಡೌನ್‌ಗಳಲ್ಲಿ ಬ್ಲ್ಯಾಕ್‌ಲಿಸ್ಟ್ ಇದೆ. ಪ್ರಸಿದ್ಧವಾದ ಹಲವು ಮೊದಲೇ ಅದರಲ್ಲಿವೆ. ನಿಮ್ಮ ಯಂತ್ರಗಳಲ್ಲಿ ಕಂಡದ್ದು ಇದೆಯೇ ನೋಡಿ, ಇಲ್ಲದಿದ್ದರೆ ಅಕ್ಷರ ತಪ್ಪದೆ ಸೇರಿಸಿ. ಈ ಕೆಲಸ ಮೊದಲ ಏಜೆಂಟ್ ಹಾಕುವ ಮುಂಚೆಯೇ ಆಗಬೇಕು. ಬೆಸೆದ ದಾಖಲೆಯನ್ನು ಬಿಡಿಸುವುದಕ್ಕೆ ಗುಂಡಿ ಇಲ್ಲ. ಬ್ಲ್ಯಾಕ್‌ಲಿಸ್ಟ್ ಸರಿಮಾಡಿ, ಆ ದಾಖಲೆಯನ್ನು ಕಸದಬುಟ್ಟಿಯಿಂದಲೂ ಪೂರ್ತಿ ಅಳಿಸಿ, ಎರಡೂ ಯಂತ್ರದಿಂದ ಹೊಸದಾಗಿ ವರದಿ ತರಿಸಬೇಕು.

ಸೀರಿಯಲ್, ಯುಯುಐಡಿ ಎರಡೂ ಬ್ಲ್ಯಾಕ್‌ಲಿಸ್ಟ್‌ಗೆ ಹೋದ ಯಂತ್ರಕ್ಕೆ ಉಳಿಯುವುದು ಮ್ಯಾಕ್ ಮತ್ತು ಹೆಸರು. ಇಲ್ಲಿ ಮತ್ತೆರಡು ತೊಡಕು. ಲ್ಯಾನ್ ಪೋರ್ಟ್ ಇಲ್ಲದ ತೆಳು ಲ್ಯಾಪ್‌ಟಾಪ್‌ಗಳಿಗೆ ಒಂದೇ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಸರದಿಯಲ್ಲಿ ಚುಚ್ಚುತ್ತಿದ್ದರೆ ಮ್ಯಾಕ್ ಅಡಾಪ್ಟರಿನದು, ಲ್ಯಾಪ್‌ಟಾಪಿನದಲ್ಲ. ಹಾಗಾಗಿ ಅಡಾಪ್ಟರಿನ ಮ್ಯಾಕ್ ಕೂಡ ಬ್ಲ್ಯಾಕ್‌ಲಿಸ್ಟ್‌ಗೆ ಸೇರಬೇಕು. ಹೆಸರಿನ ವಿಷಯದಲ್ಲಿ ಒಂದೇ ಪರಿಹಾರ: ಏಜೆಂಟ್ ಹಾಕುವ ಮೊದಲು ಪ್ರತಿ ಯಂತ್ರಕ್ಕೆ ಊರು ಮತ್ತು ಕ್ರಮಸಂಖ್ಯೆ ಸೇರಿದ, ಬೇರೆಲ್ಲೂ ಬಾರದ ಹೆಸರು. "ಅಡ್ಮಿನ್-ಪಿಸಿ" ಎಂಬ ಹೆಸರು ಮೂರು ಶಾಖೆಯಲ್ಲಿದ್ದರೆ ಗೊಂದಲ ಕಟ್ಟಿಟ್ಟದ್ದು.

ಒಂದು ಯಂತ್ರದ ಡಿಸ್ಕನ್ನು ನಕಲು ಮಾಡಿ ಉಳಿದವಕ್ಕೆ ಹಾಕಿದ್ದರೆ, ಏಜೆಂಟ್ ಮೊದಲೇ ಅದರೊಳಗೆ ಇದ್ದಿದ್ದರೆ, ಅದರ ಗುರುತೂ ನಕಲಾಗುತ್ತದೆ. ಪತ್ತೆ ಹಚ್ಚುವುದು ಸುಲಭ. ಏಜೆಂಟ್‌ನ ಡಿವೈಸ್ ಐಡಿ ಎಂದರೆ ಅದು ಮೊದಲು ಓಡಿದಾಗಿನ ಕಂಪ್ಯೂಟರ್ ಹೆಸರು, ದಿನಾಂಕ, ಸಮಯ. ಶಿರಸಿಯ ಯಂತ್ರದ ಐಡಿಯಲ್ಲಿ ಭಟ್ಕಳದ ಹೆಸರಿದ್ದರೆ ನಕಲು ಖಚಿತ. ಇತಿಹಾಸದ ಟ್ಯಾಬಿನಲ್ಲಿ ಹೆಸರು ಒಂದು ದಿನ ಇದು, ಮರುದಿನ ಅದು ಎಂದು ಅಲೆಯುತ್ತಿರುವುದೂ ಕಾಣುತ್ತದೆ. ಏಜೆಂಟ್ ಸೇವೆ ನಿಲ್ಲಿಸಿ, ಅದರ var ಎಂಬ ಫೋಲ್ಡರಿನಲ್ಲಿ ಉಳಿಸಿಕೊಂಡ ಸ್ಥಿತಿಯ ಕಡತಗಳನ್ನು ಅಳಿಸಿ, ಮತ್ತೆ ಚಾಲೂ ಮಾಡಿದರೆ ಹೊಸ ಐಡಿ ಹುಟ್ಟುತ್ತದೆ. ಇನ್ನು ಮುಂದೆ ನಕಲು ಮಾಡುವವರು ಏಜೆಂಟನ್ನು ನಕಲಾದ ಮೇಲೆ ಹಾಕಲಿ.

ಶಾಖೆವಾರು ವಿಂಗಡಣೆಗೆ ಐಪಿ ವಿಳಾಸವನ್ನು ನೆಚ್ಚಿಕೊಳ್ಳುವುದು ಈ ಜಿಲ್ಲೆಯಲ್ಲಿ ನಡೆಯುವುದಿಲ್ಲ, ಕಾರಣ ಮೇಲೆಯೇ ಬಂತು. ಏಜೆಂಟ್ ಹಾಕುವಾಗಲೇ ಟ್ಯಾಗ್ ಆಯ್ಕೆಯಲ್ಲಿ ಶಾಖೆಯ ಹೆಸರು ಕೊಟ್ಟು, ಜಿಎಲ್‌ಪಿಐಯಲ್ಲಿ ಆ ಟ್ಯಾಗ್ ನೋಡಿ ಯಂತ್ರವನ್ನು ಆಯಾ ಶಾಖೆಗೆ ಸೇರಿಸುವ ನಿಯಮ ಬರೆಯಬೇಕು. ಇದೊಂದು ಚೆನ್ನಾಗಿ ಕೆಲಸ ಮಾಡುತ್ತದೆ, ಯಂತ್ರ ಎಲ್ಲಿಂದ ವರದಿ ಕಳಿಸಿದರೂ ತನ್ನ ಶಾಖೆಯಲ್ಲೇ ಉಳಿಯುತ್ತದೆ.

ವರದಿ ದಿನಾ ಬರುತ್ತಿದೆ, ಆದರೂ ಒಂದು ಅಂಕಣ ಮಾತ್ರ ಹಳೆಯದೇ ಇದೆ ಎನ್ನುವವರು ಲಾಕ್ಸ್ ಟ್ಯಾಬ್ ನೋಡಬೇಕು. ಪರದೆಯಲ್ಲಿ ಯಾರಾದರೂ ಕೈಯಿಂದ ತಿದ್ದಿದ ಅಂಕಣಕ್ಕೆ ಜಿಎಲ್‌ಪಿಐ ಬೀಗ ಹಾಕುತ್ತದೆ, ಏಜೆಂಟ್ ಅದನ್ನು ಮತ್ತೆ ಬದಲಿಸಲಾರದು. ವಿನ್ಯಾಸ ಸರಿಯೇ, ಆದರೆ ಬೀಗ ಬಿದ್ದದ್ದು ಎದುರಿಗೆ ಎದ್ದು ಕಾಣಬೇಕಿತ್ತು. ಬಿಟ್ಟುಹೋದ ಯಂತ್ರಗಳ ಸ್ಥಿತಿ ಬದಲಿಸಲು ಏಜೆಂಟ್ ಸ್ವಚ್ಛತೆಯ ಸೆಟ್ಟಿಂಗ್ ಇದೆ. ಮಳೆಗಾಲದಲ್ಲಿ ಒಂದೊಂದು ಶಾಖೆ ದಿನಗಟ್ಟಲೆ ಸಂಪರ್ಕ ಕಳೆದುಕೊಳ್ಳುವ ಕಾರಣ 30 ದಿನಕ್ಕಿಂತ ಕಡಿಮೆ ಇಡದಿರುವುದು ಲೇಸು. ಅಳಿಸುವ ಬದಲು ಸ್ಥಿತಿ ಬದಲಿಸುವ ಆಯ್ಕೆಯನ್ನೇ ಆರಿಸಿ. ಸ್ವಯಂಚಾಲಿತ ಕೆಲಸಗಳು ಸರ್ವರಿನ ಕ್ರಾನ್ (ಲಿನಕ್ಸಿನಲ್ಲಿ ನಿಗದಿತ ಹೊತ್ತಿಗೆ ಕೆಲಸ ಓಡಿಸುವ ವ್ಯವಸ್ಥೆ) ಮೂಲಕ ಓಡುವಂತೆ ಇಡದಿದ್ದರೆ ಇದು ಹೇಳಿದ ಹೊತ್ತಿಗೆ ನಡೆಯುವುದಿಲ್ಲ.

ಸ್ವಿಚ್, ನೆಟ್‌ವರ್ಕ್ ಪ್ರಿಂಟರ್‌ಗಳಿಗೆ ಏಜೆಂಟ್ ಹಾಕಲಾಗದು. ಅದಕ್ಕೆ ಜಿಎಲ್‌ಪಿಐ ಇನ್ವೆಂಟರಿ ಎಂಬ ಪ್ರತ್ಯೇಕ ಪ್ಲಗಿನ್ ಬೇಕು. ಪ್ರತಿ ಶಾಖೆಯಲ್ಲಿ ಯಾವಾಗಲೂ ಆನ್ ಇರುವ ಒಂದು ಯಂತ್ರದ ಏಜೆಂಟ್‌ಗೆ ಆ ಶಾಖೆಯ ಐಪಿ ವ್ಯಾಪ್ತಿಯನ್ನು ಹುಡುಕುವ ಕೆಲಸ ಒಪ್ಪಿಸಬೇಕು. ಈ ಹುಡುಕಾಟಕ್ಕೆ ಬಳಸುವ ಎಸ್‌ಎನ್‌ಎಂಪಿ (ಸ್ವಿಚ್, ಪ್ರಿಂಟರ್‌ಗಳ ವಿವರ ಕೇಳುವ ಪದ್ಧತಿ) ಯುಡಿಪಿಯ 161ನೇ ಪೋರ್ಟಿನಲ್ಲಿ ನಡೆಯುತ್ತದೆ. ಕಳೆದುಹೋದ ಪೊಟ್ಟಣವನ್ನು ಯುಡಿಪಿ ತಾನಾಗಿ ಮತ್ತೆ ಕಳಿಸುವುದಿಲ್ಲ. ಕರಾವಳಿಯ ಶಾಖೆಗಳಲ್ಲಿ ಉಪ್ಪುಗಾಳಿಗೆ ಲ್ಯಾನ್ ಕೇಬಲಿನ ಆರ್‌ಜೆ45 ಪಿನ್ನು ಕಿಲುಬು ಹಿಡಿದರೆ ವೆಬ್ ಪುಟಗಳು ನಿಧಾನವಾಗಿಯಾದರೂ ತೆರೆಯುತ್ತವೆ, ಸ್ವಿಚ್ ಮಾತ್ರ ಪಟ್ಟಿಯಲ್ಲಿ ಬಂದೂ ಬಾರದಂತೆ ಆಡುತ್ತದೆ. ಸ್ವಿಚ್ಚಿನ ಪೋರ್ಟಿನಲ್ಲಿ ಸಿಆರ್‌ಸಿ ತಪ್ಪುಗಳ (ದಾರಿಯಲ್ಲಿ ಕೆಟ್ಟ ಪೊಟ್ಟಣಗಳ) ಎಣಿಕೆ ಏರುತ್ತಿದೆಯೇ ನೋಡಿ. ಗಿಗಾಬಿಟ್ ಪೋರ್ಟ್ 100 ಮೆಗಾಬಿಟ್‌ಗೆ ಇಳಿದಿದ್ದರೂ ಅನುಮಾನ ಪಡಿ: ಗಿಗಾಬಿಟ್‌ಗೆ ಕೇಬಲಿನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡು ಸಾಕು. ತಂತ್ರಾಂಶದಲ್ಲಿ ಟೈಮ್‌ಔಟ್ ಹೆಚ್ಚಿಸುವುದಕ್ಕಿಂತ ಹೊಸ ಕನೆಕ್ಟರ್ ಕ್ರಿಂಪ್ ಮಾಡುವುದು ಸರಿ. ಯುಎಸ್‌ಬಿಯಲ್ಲಿ ನೇರ ಜೋಡಿಸಿದ ಪಾಸ್‌ಬುಕ್ ಪ್ರಿಂಟರ್‌ಗಳನ್ನು ಎಸ್‌ಎನ್‌ಎಂಪಿಯಲ್ಲಿ ಹುಡುಕಬೇಡಿ, ಅವು ಆಯಾ ಕಂಪ್ಯೂಟರಿನ ಕೆಳಗೆ ಬರುತ್ತವೆ.

ಏಜೆಂಟ್ ಬೇಡ, ಡಬ್ಲ್ಯುಎಂಐ (ವಿಂಡೋಸ್ ಯಂತ್ರದ ವಿವರವನ್ನು ದೂರದಿಂದ ಕೇಳುವ ವ್ಯವಸ್ಥೆ) ಬಳಸುವ ಸ್ಕ್ಯಾನ್ ಸಾಧನವೇ ಇರಲಿ ಎನ್ನುವವರಿಗೆ ಸಂಕ್ಷಿಪ್ತವಾಗಿ. "ಆರ್‌ಪಿಸಿ ಸರ್ವರ್ ಅನ್‌ಅವೈಲೆಬಲ್", ಅಂದರೆ ದೋಷ ಸಂಖ್ಯೆ 1722, ಬಂದರೆ ಅದು ದಾರಿಯ ತೊಂದರೆ: ಟಿಸಿಪಿ 135 ಜೊತೆಗೆ 49152ರಿಂದ 65535ರವರೆಗಿನ ಪೋರ್ಟ್‌ಗಳು ಮುಚ್ಚಿರುವುದು, ಅಥವಾ ಡಿಎನ್‌ಎಸ್‌ನಲ್ಲಿ (ಯಂತ್ರದ ಹೆಸರಿನಿಂದ ವಿಳಾಸ ಹೇಳುವ ವ್ಯವಸ್ಥೆ) ಉಳಿದ ಹಳೆಯ ವಿಳಾಸ. "ಆಕ್ಸೆಸ್ ಡಿನೈಡ್" ಬಂದರೆ ಅದು ಅನುಮತಿಯ ತೊಂದರೆ. ಡೊಮೇನ್ ಇಲ್ಲದ ವರ್ಕ್‌ಗ್ರೂಪ್ ಯಂತ್ರಗಳಲ್ಲಿ ಸ್ಥಳೀಯ ಅಡ್ಮಿನ್ ಖಾತೆ ದೂರದಿಂದ ಬಂದಾಗ ವಿಂಡೋಸ್ ಅದರ ಅಧಿಕಾರ ಕತ್ತರಿಸುತ್ತದೆ. ರಿಜಿಸ್ಟ್ರಿಯ ಲೋಕಲ್‌ಅಕೌಂಟ್‌ಟೋಕನ್‌ಫಿಲ್ಟರ್‌ಪಾಲಿಸಿಗೆ 1 ಕೊಟ್ಟರೆ ತೆರೆಯುತ್ತದೆ, ಆದರೆ ಒಂದು ಯಂತ್ರದ ಪಾಸ್‌ವರ್ಡ್ ಸೋರಿದರೆ ಅದೇ ಪಾಸ್‌ವರ್ಡಿನ ಎಲ್ಲವೂ ತೆರೆದ ಹಾಗೆ. 2023ರ ಮಾರ್ಚ್ 14ರ ವಿಂಡೋಸ್ ಅಪ್‌ಡೇಟ್ ನಂತರ ಡಿಕಾಂನ (ಡಬ್ಲ್ಯುಎಂಐ ದೂರದಿಂದ ಮಾತಾಡಲು ಬಳಸುವ ಪದ್ಧತಿ) ಬಿಗಿ ಭದ್ರತೆ ಕಡ್ಡಾಯವಾಯಿತು. ಹಳೆಯ ಸ್ಕ್ಯಾನರ್ ಅಂದಿನಿಂದ ಕೈಕೊಟ್ಟಿದ್ದರೆ ಶಾಖೆಯ ಯಂತ್ರದ ಸಿಸ್ಟಮ್ ಲಾಗ್‌ನಲ್ಲಿ 10036 ಸಂಖ್ಯೆಯ ನಮೂದು ಹುಡುಕಿ, ಸ್ಕ್ಯಾನರನ್ನೇ ಹೊಸ ಆವೃತ್ತಿಗೆ ಏರಿಸಿ.

ಖರ್ಚು ಬೀಳುವುದು ಲೈಸೆನ್ಸಿಗಲ್ಲ, ಲಿನಕ್ಸ್ ಸರ್ವರ್ ನೋಡಿಕೊಳ್ಳಬಲ್ಲ ಒಬ್ಬರಿಗೆ ಮತ್ತು ಬ್ಯಾಕಪ್ಪಿಗೆ. ಹತ್ತು ಹನ್ನೆರಡು ಯಂತ್ರದ ಒಂದೇ ಕಚೇರಿಗೆ ಇದು ಬೇಡ, ಹಾಳೆ ಸಾಕು. ಮೂರು ಶಾಖೆ ದಾಟಿದವರು ಮೊದಲು ಒಂದೇ ಶಾಖೆಯಲ್ಲಿ, ಅದೂ ಪೇಟೆಯಲ್ಲಿ ಜೋಡಿಸಿದ ಯಂತ್ರಗಳು ಹೆಚ್ಚಿರುವ ಶಾಖೆಯಲ್ಲಿ, ಒಂದು ವಾರ ಓಡಿಸಿ. ಮೇಜಿನ ಮೇಲಿನ ಯಂತ್ರಗಳ ಎಣಿಕೆಗೂ ಪರದೆಯ ಎಣಿಕೆಗೂ ತಾಳೆಯಾದ ಮೇಲೆಯೇ ಎರಡನೇ ಶಾಖೆಗೆ ಏಜೆಂಟ್ ಕಳಿಸಿ.