ಕೊರಳಿನ ಟ್ರ್ಯಾಕರ್ ನಂಬಿ ಗುಂಡನ ಜ್ವರ ಗೊತ್ತಾಗಲಿಲ್ಲ

ನಾಯಿಯ ಕೊರಳಿಗೆ ಆಕ್ಟಿವಿಟಿ ಟ್ರ್ಯಾಕರ್ (ಓಡಾಟ ಲೆಕ್ಕ ಹಾಕುವ ಸಾಧನ) ಹಾಕಿದವರು, ಹಾಕಬೇಕು ಅಂದುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಗುಂಡನಿಗೆ ಆದದ್ದು ಇನ್ನೊಂದು ನಾಯಿಗೆ ಆಗಬಾರದು.

ಗುಂಡ ಏಳು ವರ್ಷದ ಲ್ಯಾಬ್ರಡಾರ್. ಮೈಸೂರಿನಲ್ಲಿ ನಮ್ಮ ಮನೆ. ಹೋದ ವರ್ಷ ಅವನ ತೂಕ 41 ಕೆ.ಜಿ. ದಾಟಿತ್ತು. ಊಟ ಕಡಿಮೆ ಮಾಡಿ, ಓಡಾಟ ಜಾಸ್ತಿ ಮಾಡಿಸಿ ಅಂದರು ವೈದ್ಯರು. ಕೊರಳಪಟ್ಟಿಗೆ ಸಿಕ್ಕಿಸುವ ಟ್ರ್ಯಾಕರ್ ತರಿಸಿದೆ. ನೀರು ಬಿದ್ದರೂ ಕೆಡುವುದಿಲ್ಲ, ಒಮ್ಮೆ ಚಾರ್ಜ್ ಮಾಡಿದರೆ ಹತ್ತು ದಿನ ಬರುತ್ತದೆ. ಹಾಗಾಗಿ ಕೊರಳಪಟ್ಟಿ ಬಿಚ್ಚುತ್ತಲೇ ಇರಲಿಲ್ಲ. ಚಾರ್ಜಿಗೆ ಹಾಕುವಾಗಲೂ ಟ್ರ್ಯಾಕರ್ ಮಾತ್ರ ತೆಗೆಯುತ್ತಿದ್ದೆ, ಪಟ್ಟಿ ಹಾಗೇ ಇರುತ್ತಿತ್ತು.

ಮಳೆಗಾಲ ಶುರುವಾದ ಮೇಲೆ ಗುಂಡ ತಟ್ಟೆಯಲ್ಲಿ ಅನ್ನ ಬಿಡತೊಡಗಿದ. ಗೇಟಿನ ಸದ್ದಾದರೂ ಏಳುತ್ತಿರಲಿಲ್ಲ. "ಯಾಕೋ ಮಂಕಾಗಿದ್ದಾನೆ ಕಣೋ, ಒಮ್ಮೆ ತೋರಿಸು" ಅಂತ ಅಮ್ಮ ಎರಡು ಸಲ ಹೇಳಿದರು. ನಾನು ಫೋನಿನಲ್ಲಿ ಟ್ರ್ಯಾಕರ್‌ನ ಆ್ಯಪ್ ತೋರಿಸಿದೆ. ದಿನದ ಓಡಾಟದ ಗುರಿ ಪೂರ್ತಿ ಆಗಿತ್ತು, ಹಿಂದಿನ ವಾರಕ್ಕಿಂತ ಜಾಸ್ತಿಯೇ ಇತ್ತು. ಇಷ್ಟು ಓಡಾಡುವ ನಾಯಿಗೆ ಏನಾಗಿರುತ್ತದೆ ಅಂದುಬಿಟ್ಟೆ. ಹೀಗೆ ನಾಲ್ಕು ದಿನ ಕಳೆದೆ.

ಐದನೇ ದಿನ ಬೆಳಿಗ್ಗೆ ಅವನ ಮೂಗಿನಿಂದ ರಕ್ತ ಬಂತು.

ಕ್ಲಿನಿಕ್ಕಿನಲ್ಲಿ ಜ್ವರ 104 ಡಿಗ್ರಿ. ನಾಯಿಗೆ 101ರಿಂದ 102.5 ಸಹಜ. ವಸಡು ಬಿಳಚಿಕೊಂಡಿತ್ತು. ಪ್ಲೇಟ್‌ಲೆಟ್ 38 ಸಾವಿರಕ್ಕೆ ಇಳಿದಿತ್ತು, ಕಡಿಮೆ ಅಂದರೂ ಒಂದೂವರೆ ಲಕ್ಷದ ಮೇಲಿರಬೇಕಿತ್ತು. ಟಿಕ್ ಫೀವರ್, ಉಣ್ಣೆ ಕಚ್ಚಿದಾಗ ಎರ್ಲಿಕಿಯಾ ಅನ್ನೋ ಬ್ಯಾಕ್ಟೀರಿಯಾದಿಂದ ಬರುವ ಜ್ವರ. ವೈದ್ಯರು ಕೊರಳಪಟ್ಟಿ ಬಿಚ್ಚಿದಾಗ ನನ್ನ ಕೈಕಾಲೇ ಆಡಲಿಲ್ಲ. ಟ್ರ್ಯಾಕರ್ ಕೂತಿದ್ದ ಜಾಗದಲ್ಲಿ ಕೂದಲು ಉದುರಿ ಚರ್ಮ ಒದ್ದೆಯಾಗಿ ಕೆಂಪಾಗಿತ್ತು. ಅದರ ಅಂಚಿನಲ್ಲೇ ಸಾಲಾಗಿ ಉಣ್ಣೆಗಳು. ಕಿವಿಯೊಳಗೂ ಇದ್ದವು.

ಹಾಗಾದರೆ ಅಷ್ಟೊಂದು ಓಡಾಟ ಎಲ್ಲಿಂದ ಬಂತು? ವೈದ್ಯರು ನನ್ನ ಫೋನ್ ತೆಗೆದುಕೊಂಡು ಒಟ್ಟು ಲೆಕ್ಕ ಬಿಟ್ಟು ಗಂಟೆಗಂಟೆಯ ಗ್ರಾಫ್ ತೆರೆದರು. ಹಗಲೆಲ್ಲ ಬಹುತೇಕ ಖಾಲಿ. ರಾತ್ರಿ ಎರಡರಿಂದ ನಾಲ್ಕರವರೆಗೆ ಚೂಪು ಚೂಪಾದ ಗೆರೆಗಳು. ಪಾಪ, ಅವನು ಕೆರೆದುಕೊಳ್ಳುತ್ತಿದ್ದ, ತಲೆ ಒದರುತ್ತಿದ್ದ. ನಾನು ಅದನ್ನು ವ್ಯಾಯಾಮ ಅಂದುಕೊಂಡಿದ್ದೆ.

ಈ ಟ್ರ್ಯಾಕರ್ ಒಳಗಿರುವುದು ಆಕ್ಸೆಲರೋಮೀಟರ್. ಫೋನ್ ಅಡ್ಡ ಹಿಡಿದರೆ ಸ್ಕ್ರೀನ್ ತಿರುಗುತ್ತದಲ್ಲ, ಅದೇ ಸೆನ್ಸರ್. ಮೂರು ದಿಕ್ಕಿನ ಕುಲುಕಾಟವನ್ನು ಅಳೆಯುತ್ತದೆ, ಅಷ್ಟೇ. ಆ ಕುಲುಕಾಟ ನಡಿಗೆಯೋ ತುರಿಕೆಯೋ ಅಂತ ಆ್ಯಪ್ ಊಹೆ ಮಾಡಬೇಕು. ಕೆರೆತವನ್ನು ಬೇರೆಯಾಗಿ ಲೆಕ್ಕ ಹಾಕುವ ಆ್ಯಪ್‌ಗಳೂ ಇವೆ, ನಮ್ಮದರಲ್ಲಿ ಎಲ್ಲವೂ ಒಂದೇ ಲೆಕ್ಕಕ್ಕೆ ಸೇರುತ್ತಿತ್ತು. ತಲೆ ಒದರಿದಾಗ ಜೋರಾಗಿ ಅಲ್ಲಾಡುವುದು ಕೊರಳೇ ಅಲ್ವಾ? ಪಟ್ಟಿ ಸಡಿಲ ಇದ್ದರೆ ಇನ್ನೂ ಜಾಸ್ತಿ. ಲೀಶ್ (ನಾಯಿ ಹಿಡಿಯುವ ಹಗ್ಗ) ಅದೇ ಪಟ್ಟಿಗೆ ಕಟ್ಟಿದರೂ ಲೆಕ್ಕ ಬದಲಾಗುತ್ತದೆ. ಆಮೇಲೆ ನಾನೇ ನೋಡಿದೆ: ಅದೇ ರಸ್ತೆ, ಅಷ್ಟೇ ಹೊತ್ತು, ಲೀಶ್ ಕೊರಳಿನ ಬದಲು ಎದೆಗೆ ಕಟ್ಟುವ ಹಾರ್ನೆಸ್‌ಗೆ ಹಾಕಿದ ದಿನ ಅಂಕಿ ಬೇರೆಯೇ ಬಂತು.

ಗುಂಡ ಬದುಕಿದ. 28 ದಿನ ಡಾಕ್ಸಿಸೈಕ್ಲಿನ್ ಅನ್ನೋ ಆ್ಯಂಟಿಬಯೋಟಿಕ್, ವಾರಕ್ಕೊಂದು ರಕ್ತ ಪರೀಕ್ಷೆ. ಈಗ ತಿಂಗಳು ತಪ್ಪದೆ ಉಣ್ಣೆ ಔಷಧಿ ಕೊಡುತ್ತೇನೆ. ಟ್ರ್ಯಾಕರ್ ಎಸೆದಿಲ್ಲ. ಆದರೆ ಒಟ್ಟು ಅಂಕಿ ನೋಡುವುದು ಬಿಟ್ಟೆ. ರಾತ್ರಿಯ ಗೆರೆಗಳು ಶಾಂತವಾಗಿವೆಯಾ, ಹೋದ ವಾರದ ಗುಂಡನಿಗೂ ಈ ವಾರದ ಗುಂಡನಿಗೂ ಏನು ವ್ಯತ್ಯಾಸ, ಅಷ್ಟು ನೋಡುತ್ತೇನೆ. ಬೇರೆಯವರ ನಾಯಿಯ ಜೊತೆ ಹೋಲಿಸುವುದು ಸುಮ್ನೆ ದಂಡ.

ನಿಮ್ಮ ನಾಯಿ ಊಟ ಬಿಟ್ಟರೆ, ಮಂಕಾದರೆ, ಆ್ಯಪ್ ಏನೇ ಹೇಳಲಿ, ಅವತ್ತೇ ವೈದ್ಯರಿಗೆ ತೋರಿಸಿ. ಉಣ್ಣೆ ಕಚ್ಚಿ ಒಂದರಿಂದ ಮೂರು ವಾರ ಆದಮೇಲೆ ಈ ಜ್ವರ ಕಾಣಿಸುತ್ತದೆ, ಆಗ ಮೈಮೇಲೆ ಒಂದು ಉಣ್ಣೆಯೂ ಸಿಗದೇ ಇರಬಹುದು. ಪಟ್ಟಿಯ ಕೆಳಗೆ ಎರಡು ಬೆರಳು ಹೋಗುವಷ್ಟು ಜಾಗ ಇರಲಿ. ರಾತ್ರಿ ಮಲಗುವ ಮೊದಲು ಒಮ್ಮೆ ಪೂರ್ತಿ ಬಿಚ್ಚಿ, ಒದ್ದೆ ಇದ್ದರೆ ಒರೆಸಿ. ಇವತ್ತೇ ಟಾರ್ಚ್ ಹಿಡಿದು ಕೊರಳಿನ ಕೂದಲು ಸರಿಸಿ ನೋಡಿ. ಕಿವಿಯ ಒಳಗೆ, ಕಾಲ್ಬೆರಳ ಸಂದಿಯಲ್ಲಿ ಕೂಡ.