ಅಡಿಕೆ ಮಾರುವುದೆಲ್ಲಿ: ಸಹಕಾರಿ ಡಿಪೋವೋ, ಪೇಟೆಯ ಅಂಗಡಿಯೋ?

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಬೆಳೆಗಾರನಿಗೆ ಚಾಲಿ (ಬಿಸಿಲಲ್ಲಿ ಒಣಗಿಸಿ ಸುಲಿದ ಹಣ್ಣಡಿಕೆ) ಮಾರಲು ಮುಖ್ಯವಾಗಿ ಎರಡು ದಾರಿ: ಕ್ಯಾಂಪ್ಕೊದಂಥ ಸಹಕಾರಿ ಖರೀದಿ ಕೇಂದ್ರ, ಇಲ್ಲವೇ ಪೇಟೆಯ ಖಾಸಗಿ ಅಂಗಡಿ. ಹೋಲಿಸುವಾಗ ಹೆಚ್ಚಿನವರು ಆ ದಿನದ ಕಿಲೋ ದರ ಕೇಳಿ ಅಲ್ಲಿಗೇ ನಿಲ್ಲಿಸುತ್ತಾರೆ. ಅದು ಸಾಲದು. ದುಡಿಮೆಗೆ ಏನು ಸಿಗುತ್ತದೆ, ಯಾರಿಗೆ ಸಿಗುತ್ತದೆ ಎಂದೂ ಕೇಳಬೇಕು. ಬಂಡವಾಳಶಾಹಿಯಲ್ಲಿ ದುಡಿದವನೇ ದುಡ್ಡು ಮಾಡುತ್ತಾನೆ ಎನ್ನುವವರೂ, ಸಮಾಜವಾದ ಬಂದರೆ ದುಡಿಮೆಗೆ ತಕ್ಕ ಬೆಲೆ ಸಿಗುತ್ತದೆ ಎನ್ನುವವರೂ ನಮ್ಮ ಚಹಾದಂಗಡಿಗಳಲ್ಲಿ ಧಾರಾಳ ಇದ್ದಾರೆ. ಇಬ್ಬರೂ ಒಂದು ಗೋಣಿ ಅಡಿಕೆಯ ಹಿಂದೆ ತಕ್ಕಡಿಯವರೆಗೆ ನಡೆದು ನೋಡಬೇಕು.

ಮೊದಲು ಮಾಲು. 100 ಕಿಲೋ ಹಣ್ಣಡಿಕೆ ಒಣಗಿಸಿ ಸುಲಿದರೆ ಕೈಗೆ ಸಿಗುವ ಚಾಲಿ ಸುಮಾರು 20 ಕಿಲೋ. ಅಂಗಳದಲ್ಲಿ 40ರಿಂದ 45 ದಿನದ ಚುರುಕು ಬಿಸಿಲು ಬೇಕು, ಒಂದರ ಮೇಲೊಂದು ರಾಶಿ ಬೀಳದಂತೆ ಹರಡಬೇಕು, ಆಗಾಗ ಕೈಯಾಡಿಸಬೇಕು. ಸಿಪ್ಪೆ ಸಮೇತ ಕಿವಿಯ ಹತ್ತಿರ ಅಲುಗಿಸಿದಾಗ ಒಳಗೆ ಗಲಗಲ ಎಂದರೆ ಒಣಗಿದೆ ಎಂದರ್ಥ. ಅವಸರಪಟ್ಟು ಸುಲಿದರೆ ಮೇಲೆ ಬೆಳ್ಳಗೆ ಕಂಡರೂ ಒಳಗೆ ಪಸೆ ಉಳಿದು ಬೂಸ್ಟು ಹಿಡಿಯುತ್ತದೆ. ಡಿಪೋದಲ್ಲಿ ಅಡಕತ್ತರಿಯಿಂದ ಎರಡು ಹೋಳು ಮಾಡಿದ ಕೂಡಲೇ ಗುಟ್ಟು ರಟ್ಟು. ಬಿಳಿ ಕಂದು ಗೆರೆಗಳು ಸ್ಪಷ್ಟವಾಗಿದ್ದರೆ ಒಳ್ಳೆಯ ದರ. ನಡುವೆ ಕಪ್ಪಾಗಿದ್ದರೆ ಕರಿಗೋಟು ಎಂಬ ಕಡಿಮೆ ದರದ ದರ್ಜೆಗೆ ತಳ್ಳುತ್ತಾರೆ. ಆಮೇಲೆ ಎಷ್ಟು ಮಾತಾಡಿದರೂ ಪ್ರಯೋಜನವಿಲ್ಲ.

ಹಾಗಾಗಿ ಮನೆಯಲ್ಲೇ ಬೇರ್ಪಡಿಸಿ ಒಯ್ಯಿರಿ. ಪಟೋರ, ಉಳ್ಳಿ, ಕೋಕ ಎಂಬ ಕೆಳದರ್ಜೆಯ ಅಡಿಕೆ ಒಳ್ಳೆಯದರ ಜತೆ ಬೆರೆತರೆ ಇಡೀ ಗೋಣಿಯ ದರ ಕೆಳಗಿಳಿಯುತ್ತದೆ. ಗೋಣಿ ಕಟ್ಟುವ ಮೊದಲು ತೂಗಿ ಬರೆದಿಡಿ. ಹೊಸತು ಹಳತು ಯಾವತ್ತೂ ಬೆರೆಸಬೇಡಿ.

ಸಹಕಾರಿ ಡಿಪೋದ ಗುಣವೆಂದರೆ ದರ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ. ಹತ್ತು ಕಿಲೋ ತಂದವನಿಗೂ ಹತ್ತು ಕ್ವಿಂಟಾಲ್ ತಂದವನಿಗೂ ದರ್ಜೆ ಒಂದಾದರೆ ಲೆಕ್ಕವೂ ಒಂದೇ. ಇದು ಸಣ್ಣ ಸಂಗತಿಯಲ್ಲ. 1970ರ ದಶಕದ ಆರಂಭದಲ್ಲಿ ಅಡಿಕೆ ಬೆಲೆ ಕುಸಿದು ಕೇಳುವವರಿಲ್ಲದಾಗ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ 1973ರ ಜುಲೈ 11ರಂದು ಕ್ಯಾಂಪ್ಕೊ ಹುಟ್ಟಿದ್ದೇ ಇದಕ್ಕಾಗಿ. ಕೇರಳ ಕರ್ನಾಟಕ ಎರಡೂ ಕಡೆಯ ಬೆಳೆಗಾರರು ಅದರ ಸದಸ್ಯರು. ಡಿಪೋ ಬಾಗಿಲು ತೆರೆದಿದೆ ಎಂಬ ಒಂದೇ ಕಾರಣಕ್ಕೆ ಪಕ್ಕದ ಖಾಸಗಿ ಅಂಗಡಿಯವರು ತೀರಾ ಇಳಿಸಿ ಕೇಳಲು ಹಿಂಜರಿಯುತ್ತಾರೆ. ಡಿಪೋಗೆ ಒಂದು ಕಾಳೂ ಹಾಕದವನಿಗೂ ಈ ಲಾಭ ಉಂಟು. ಕೊರತೆ ಹೇಳುವುದಾದರೆ, ದರ್ಜೆಯಲ್ಲಿ ಬಿಗಿ, ಸರತಿಯಲ್ಲಿ ನಿಲ್ಲಬೇಕು, ಸಾಗಾಟ ನಿಮ್ಮದೇ, ಹಣ ಬರುವುದು ಬ್ಯಾಂಕ್ ಖಾತೆಗೆ. ನಾಳೆ ಬೆಳಿಗ್ಗೆ ಆಳುಗಳಿಗೆ ಸಂಬಳ ಕೊಡಬೇಕಾದವನಿಗೆ ಇದು ತಾಪತ್ರಯವೇ.

ಖಾಸಗಿ ಅಂಗಡಿಯವರು ಅಲ್ಲೇ ಗೆಲ್ಲುವುದು. ಫೋನ್ ಮಾಡಿದರೆ ಪಿಕಪ್ ಅಂಗಳಕ್ಕೇ ಬರುತ್ತದೆ, ಬೆರಕೆ ಮಾಲನ್ನೂ ಒಟ್ಟಿಗೆ ಎತ್ತುತ್ತಾರೆ, ನೋಟು ಕೈಗೇ ಎಣಿಸುತ್ತಾರೆ. ಡಿಪೋ ದರಕ್ಕಿಂತ ಒಂದೆರಡು ರೂಪಾಯಿ ಜಾಸ್ತಿ ಹೇಳುವ ದಿನಗಳೂ ಇವೆ. ಆದರೆ ಕೊಯ್ಲಿಗೆ ಮುಂಚೆಯೇ ಮುಂಗಡ ತೆಗೆದುಕೊಂಡಿದ್ದರೆ ಕಥೆ ಬೇರೆ. ಆಗ ದರ ಕೇಳುವ ಬಾಯಿ ನಿಮ್ಮದಲ್ಲ. ಮುಂಗಡಕ್ಕೆ ಬಡ್ಡಿ ಇಲ್ಲ ಎನ್ನುತ್ತಾರೆ. ಬಡ್ಡಿ ದರದೊಳಗೇ ಕೂತಿರುತ್ತದೆ, ಅಷ್ಟೇ. ಬೆರಕೆ ಮಾಲಿಗೆ ಕೊಡುವ ಒಂದೇ ದರದಲ್ಲೂ ಹಾಗೆಯೇ: ಬೇರ್ಪಡಿಸುವ ಕೆಲಸ ಅವರು ಮಾಡಿ, ಅದರ ಲಾಭವನ್ನೂ ಅವರೇ ಇಟ್ಟುಕೊಳ್ಳುತ್ತಾರೆ.

ಈಗ ಮುಖ್ಯ ಲೆಕ್ಕ. ಸಾಮಾನ್ಯವಾಗಿ ಹಳೆ ಚಾಲಿಗೆ ಹೊಸ ಚಾಲಿಗಿಂತ ದರ ಹೆಚ್ಚು, ಇನ್ನೂ ಹಳತಾದ ಡಬ್ಬಲ್ ಚೋಲಿಗೆ ಮತ್ತೂ ಹೆಚ್ಚು. ಅಡಿಕೆ ಅಟ್ಟದಲ್ಲಿ ಸುಮ್ಮನೆ ಕೂತಿದ್ದಕ್ಕೆ ಸಿಗುವ ದರ ಅದು. ಲೆಕ್ಕಕ್ಕಾಗಿ ಹೊಸತು ಕಿಲೋಗೆ 400, ವರ್ಷ ಕಳೆದ ಮೇಲೆ 440 ಎಂದಿಟ್ಟುಕೊಳ್ಳಿ. ಮನೆಯ ಖರ್ಚಿಗೆ 1 ಲಕ್ಷ ಬೇಕು. ಈಗಲೇ ಮಾರಿದರೆ 250 ಕಿಲೋ ಹೋಗುತ್ತದೆ, ಕೈಗೆ 1,00,000. ಇಟ್ಟರೆ ತೂಕ ಇಳಿಯುತ್ತದೆ. ನೂರಕ್ಕೆ ಎರಡು ಕಿಲೋ ಹೋಯಿತು ಎಂದರೆ 245 ಕಿಲೋ, ಮಾರಿದಾಗ 1,07,800. ಆದರೆ ಅಲ್ಲಿಯವರೆಗೆ ಖರ್ಚಿನ 1 ಲಕ್ಷಕ್ಕೆ ಸಾಲ ಮಾಡಬೇಕು. ಕಿಸಾನ್ ಕ್ರೆಡಿಟ್ ಕಾರ್ಡಿನ ಸಾಲ ಸಮಯಕ್ಕೆ ಕಟ್ಟಿದವನಿಗೆ ಶೇ. 4ರ ಬಡ್ಡಿ, ಅಂದರೆ 4,000. ಉಳಿದದ್ದು 1,03,800. ಅದೇ 1 ಲಕ್ಷವನ್ನು ತಿಂಗಳಿಗೆ ನೂರಕ್ಕೆ ಎರಡರಂತೆ ಕೈಸಾಲ ತಂದವನಿಗೆ ವರ್ಷದ ಬಡ್ಡಿಯೇ 24,000, ಉಳಿದದ್ದು 83,800. ತೋಟ ಒಂದೇ, ಕೊಳೆರೋಗ ಬಾರದಂತೆ ಮಳೆಗೆ ಮುಂಚೆ ಹೊಡೆದ ಬೋರ್ಡೋ ದ್ರಾವಣವೂ ಒಂದೇ. ಇಬ್ಬರ ನಡುವೆ 20,000 ರೂಪಾಯಿಯ ಅಂತರ ಬಂದದ್ದು ಬಡ್ಡಿಯಿಂದ. ಎರಡನೆಯವನಿಗೆ ಕಾಯುವುದಕ್ಕಿಂತ ಹೊಸತನ್ನೇ ಮಾರುವುದು ಲೇಸು, ಅವನು ಮಾಡುವುದೂ ಅದನ್ನೇ. ಹಾಗೆ ಮಾರಿದ ಅಡಿಕೆ ಇನ್ನೊಬ್ಬರ ಗೋದಾಮಿನಲ್ಲಿ ಹಳತಾಗುತ್ತದೆ.

(ಇಡುವುದಿದ್ದರೆ ಸಿಪ್ಪೆ ಸಮೇತ, ಮಳೆಗಾಲದ ತೇವ ತಾಗದ ಅಟ್ಟದಲ್ಲಿ ಇಡಿ. ಸುಲಿದದ್ದಾದರೆ ಗೋಣಿಯೊಳಗೆ ಪ್ಲಾಸ್ಟಿಕ್ ಚೀಲ ಬೇಕೇ ಬೇಕು. ಹುಳ ಬಿದ್ದರೆ ಮೇಲಿನ ಲೆಕ್ಕವೆಲ್ಲ ತಲೆಕೆಳಗು. ದರ ಏರುತ್ತದೆ ಎಂಬ ಖಾತರಿಯನ್ನೂ ಯಾರೂ ಕೊಡುವುದಿಲ್ಲ.)

ಹಾಗಾದರೆ, ಸಮಾಜವಾದ ಬರಲಿ ಎನ್ನುವವರು ಹೇಳುವಂತೆ, ದುಡಿಮೆಯನ್ನೇ ಅಳೆದು ಕೊಟ್ಟ ವ್ಯವಸ್ಥೆ ಸೋವಿಯತ್ ಒಕ್ಕೂಟದ್ದೇ? ಅಲ್ಲಿನ 1936ರ ಸಂವಿಧಾನದ 12ನೇ ವಿಧಿ ಕೆಲಸಕ್ಕೆ ತಕ್ಕ ಪಾಲು ಎಂದೇ ಹೇಳಿತ್ತು. ಎಲ್ಲರಿಗೂ ಸಮಪಾಲು ಎಂದಲ್ಲ. ನಮ್ಮಲ್ಲಿ ಹೆಚ್ಚಿನವರು ತಪ್ಪು ತಿಳಿದಿರುವುದು ಇಲ್ಲೇ. 1935ರ ಆಗಸ್ಟಿನಲ್ಲಿ ಅಲೆಕ್ಸಿ ಸ್ತಖಾನೊವ್ ಎಂಬ ಗಣಿಕಾರ್ಮಿಕ ಒಂದೇ ಪಾಳಿಯಲ್ಲಿ 102 ಟನ್ ಕಲ್ಲಿದ್ದಲು ಕಡಿದ ಎಂದು ಸಾರಿದರು, ಗೊತ್ತುಪಡಿಸಿದ್ದು 7 ಟನ್. ಅವನ ಹಿಂದೆ ಮರದ ಆಧಾರ ನಿಲ್ಲಿಸುತ್ತ ಬಂದವರ ಕೆಲಸ ಆ ಲೆಕ್ಕದಲ್ಲಿ ಕಾಣಲಿಲ್ಲ. ಮರುವರ್ಷ ಎಲ್ಲರ ಪ್ರಮಾಣವನ್ನೂ ಏರಿಸಿದರು: ಅದೇ ಕೂಲಿಗೆ ಹೆಚ್ಚು ಕೆಲಸ. ಅಲ್ಲಿ ಪ್ರಮಾಣ ಗೊತ್ತುಮಾಡುವವರ ಕೈ ಮೇಲು, ಇಲ್ಲಿ ಕಾಯುವ ತಾಕತ್ತಿದ್ದವರ ಕೈ ಮೇಲು. ಚೀನಾದ ಆನ್‌ಹುಯಿ ಪ್ರಾಂತದ ಶಿಯಾವ್‌ಗಾಂಗ್ ಹಳ್ಳಿಯ 18 ರೈತರು 1978ರಲ್ಲಿ ಗದ್ದೆಯನ್ನು ಗುಟ್ಟಾಗಿ ಮನೆಮನೆಗೆ ಹಂಚಿಕೊಂಡದ್ದು, ದಿನದ ಹಾಜರಿಗೆ ಅಂಕ ಕೊಡುವ ಪದ್ಧತಿಯಲ್ಲಿ ಗೇಯ್ಮೆಗೂ ಹಾಜರಿಗೂ ವ್ಯತ್ಯಾಸ ಉಳಿಯದೆ ಹೊಟ್ಟೆ ತುಂಬದ ಕಾರಣಕ್ಕೆ.

ಸಹಕಾರಿ ಡಿಪೋ ಸಮಾಜವಾದ ಅಲ್ಲ, ಬಿಡಿ. ಅದು ಬೆಳೆಗಾರರ ಸಂಘ. ಕೊಡುವುದು ಕಿಲೋ ಲೆಕ್ಕದಲ್ಲಿ, ಆದ್ದರಿಂದ ಹೆಚ್ಚು ಮರ ಇದ್ದವನಿಗೆ ಹೆಚ್ಚು. 60 ಅಡಿ ಎತ್ತರದ ಗೊನೆಗೆ ಕತ್ತು ನೋಯುವಷ್ಟು ಹೊತ್ತು ದೋಟಿ ಹಿಡಿದು ನಿಂತವನು, ಕಿಲೋ ಲೆಕ್ಕದಲ್ಲಿ ಸುಲಿದು ಬೆರಳ ತುದಿ ಒಡೆಸಿಕೊಂಡವಳು, ಇವರಿಗೆ ತೋಟವಿಲ್ಲ, ಸದಸ್ಯತ್ವವೂ ಇಲ್ಲ. ಅಡಿಕೆ ಹಳತಾದಾಗ ಸಿಕ್ಕ ಆ 40 ರೂಪಾಯಿಯಲ್ಲಿ ಇವರ ಪಾಲು ಸೊನ್ನೆ. ಇದರಲ್ಲಿ ಡಿಪೋ, ಅಂಗಡಿ ಎರಡೂ ಸಮ.

ದುಡಿಯುವ ಕೈಯೇ ಸದಸ್ಯನಾದ ಸಂಘ ದೂರದಲ್ಲೇನಿಲ್ಲ. ಬೀಡಿ ಕಾರ್ಮಿಕರ ಕಾನೂನು ಜಾರಿಯಾಗುವ ಹೊತ್ತಿಗೆ ಖಾಸಗಿ ಕಂಪನಿಗಳು ಉತ್ತರ ಕೇರಳದಲ್ಲಿ ಬಾಗಿಲು ಹಾಕಿದವು. ಕೆಲಸ ಹೋದವರು 1969ರಲ್ಲಿ ಕಣ್ಣೂರಿನಲ್ಲಿ ಕೇರಳ ದಿನೇಶ್ ಬೀಡಿ ಸಂಘ ಕಟ್ಟಿದರು. ಬೀಡಿ ಕಟ್ಟುವವರೇ ಸದಸ್ಯರು. ಆದರೂ ಬೀಡಿ ಸೇದುವವರು ಕಡಿಮೆಯಾದಂತೆ ಕೆಲಸವೂ ಕಡಿಮೆಯಾಗಿ, ಸಂಘ ತಿಂಡಿ ಪದಾರ್ಥ, ಕೊಡೆಗಳ ಕಡೆಗೆ ಹೊರಳಬೇಕಾಯಿತು. ಬೆರಳಿನ ಚುರುಕು ಹಾಗೇ ಇತ್ತು, ಗಿರಾಕಿ ಇರಲಿಲ್ಲ.

ಅಂಕ ಕೊಡುವುದಾದರೆ ಐದರಲ್ಲಿ ಡಿಪೋಗೆ ನಾಲ್ಕು, ಮುಂಗಡ ಇಲ್ಲದ ಖಾಸಗಿ ಅಂಗಡಿಗೆ ಮೂರು, ಮುಂಗಡ ಇರುವ ಅಂಗಡಿಗೆ ಒಂದು. ಚೆನ್ನಾಗಿ ಒಣಗಿದ ಬಿಳಿ ಚಾಲಿ ಡಿಪೋಗೆ ಹೋಗಲಿ. ಪಟೋರ, ಕರಿಗೋಟು ಎರಡೂ ಕಡೆ ಕೇಳಿ ಕೊಡಿ. ಎರಡು ಗೋಣಿಯನ್ನಾದರೂ ಒಣಗಿದ ಅಟ್ಟದಲ್ಲಿ ಉಳಿಸಿಕೊಳ್ಳುವ ದಾರಿ ಇದ್ದರೆ ಉಳಿಸಿ, ಮತ್ತು ಆ ವರ್ಷ ದರ ಏರಿದರೆ ಸುಲಿದವರ ಕೂಲಿಯನ್ನೂ ಕಿಲೋಗೆ ಒಂದೆರಡು ರೂಪಾಯಿ ಏರಿಸಿ. ಮುಂದಿನ ಕೊಯ್ಲಿಗೆ ಜನ ಸಿಗುವುದು ಹಾಗೆ ಏರಿಸಿದವರ ಅಂಗಳಕ್ಕೇ.